ಉಳಿದ ಒಂದು ತುಂಡು

ತಟ್ಟೆಯಲ್ಲಿ ಒಂದು ತುಂಡು ರೊಟ್ಟಿ ಉಳಿದಿತ್ತು. ಅಂಚು ತೆಗೆದ ಬಿಳಿ ಬ್ರೆಡ್ಡಿನ ತುಂಡು, ಹೆಬ್ಬೆರಳ ಉಗುರಿನಷ್ಟು, ನಾಲ್ಕೂ ಬದಿ ಸಮ.

ಅದನ್ನು ಕತ್ತರಿಸಿದ್ದು ಅಮ್ಮ. ನೈರೋಬಿಯ ನಮ್ಮ ಸಣ್ಣ ಕನ್ನಡ ಪ್ರಾರ್ಥನಾ ಕೂಟದಲ್ಲಿ ಯೇಸುವಿನ ನೆನಪಿಗೆ ಒಬ್ಬೊಬ್ಬರೂ ಒಂದೊಂದು ತುಂಡು ರೊಟ್ಟಿ ತೆಗೆದುಕೊಳ್ಳುವ ಕರ್ತನ ಭೋಜನಕ್ಕೆ ಅದನ್ನು ಸಿದ್ಧಮಾಡುವ ಕೆಲಸ ಹನ್ನೊಂದು ವರ್ಷದಿಂದ ಅವಳದೇ. ಕನ್ನಡ ಬಲ್ಲ ಸಭಾಪಾಲಕರೊಬ್ಬರು ಮೂರು ತಿಂಗಳಿಗೊಮ್ಮೆ ಮೊಂಬಾಸಾದಿಂದ ಬರುತ್ತಿದ್ದರು. ಹಿಂದಿನ ದಿನ ಅಮ್ಮ ಮನೆಮನೆಗೂ ಫೋನ್ ಮಾಡಿ ಎಷ್ಟು ಜನ ಬರುತ್ತೀರಿ ಎಂದು ಕೇಳಿ, ಅಷ್ಟೇ ತುಂಡು ಕತ್ತರಿಸುತ್ತಿದ್ದಳು. ಉಳಿದದ್ದನ್ನು ಎಸೆಯುವುದು ಅವಳಿಗೆ ಆಗದು. ಗಣಿತದ ಟೀಚರ್ ಆಗಿದ್ದವಳು, ಲೆಕ್ಕ ತಪ್ಪಿದ್ದನ್ನು ನಾನು ನೋಡಿರಲಿಲ್ಲ. ಆ ಜುಲೈ ಭಾನುವಾರ ಹತ್ತೊಂಬತ್ತು ತುಂಡುಗಳಿದ್ದವು, ಹತ್ತೊಂಬತ್ತು ಜನ ಬಂದಿದ್ದೆವು. ಹದಿನೆಂಟು ಜನ ಎದ್ದು ಹೋಗಿ ತೆಗೆದುಕೊಂಡೆವು. ಅಮ್ಮ ಕುರ್ಚಿಯಿಂದ ಏಳಲಿಲ್ಲ.

ಯಾಕೆ ಏಳಲಿಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ಫೆಬ್ರವರಿಯಲ್ಲಿ ಡಾಕ್ಟರೊಬ್ಬರು ಸ್ಕ್ಯಾನ್ ವರದಿಯನ್ನು ನನ್ನ ಕಡೆ ತಿರುಗಿಸಿ, ಮಕ್ಕಳಾಗುವುದು ಕಷ್ಟ, ಬಹುಶಃ ಆಗಲಿಕ್ಕಿಲ್ಲ ಎಂದಿದ್ದರು. ಮಂಗಳೂರಿನ ಹುಡುಗನೊಬ್ಬನ ಜೊತೆ ನನಗೆ ಮದುವೆ ಗೊತ್ತಾಗಿತ್ತು. ಅವನು ಏಪ್ರಿಲ್‌ನಲ್ಲಿ ನೈರೋಬಿಗೆ ಬರುವವನಿದ್ದ. ಎದುರು ಕೂತು ಹೇಳಬೇಕು, ಫೋನಿನಲ್ಲಿ ಬೇಡ ಎಂದು ನಿರ್ಧರಿಸಿದೆ. ಹೇಗೆ ಶುರುಮಾಡುವುದೆಂದು ವಾಕ್ಯಗಳನ್ನೂ ಜೋಡಿಸಿಕೊಂಡಿದ್ದೆ. ಅಲ್ಲಿಯವರೆಗೆ ಅಮ್ಮನಿಗೆ ಮಾತ್ರ ಹೇಳಿದೆ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಯಾರಿಗೂ ಹೇಳಬೇಡ ಎಂದೆ. ಹೇಳಲ್ಲ ಎಂದಳು. ನನ್ನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥನೆ ಮಾಡಿದಳು. ಆಗ ನನಗೆ ನಿಜವಾಗಿಯೂ ಸಮಾಧಾನವಾಯಿತು. ಇದನ್ನು ಬರೆಯದೆ ಬಿಟ್ಟರೆ ಮೋಸವಾಗುತ್ತದೆ.

ಕೂಟದಲ್ಲಿ ನನಗೂ ಒಂದು ಕೆಲಸವಿತ್ತು. ವಾರದ ಪ್ರಾರ್ಥನಾ ವಿಷಯಗಳನ್ನು ಟೈಪ್ ಮಾಡಿ, ಸೋಮವಾರ ಬೆಳಿಗ್ಗೆ ಏಳರೊಳಗೆ ಎಲ್ಲರ ಫೋನಿಗೆ ಕಳಿಸುವುದು. ಹೆಂಗಸರ ಬುಧವಾರದ ಪ್ರಾರ್ಥನೆಯಲ್ಲಿ ಬಂದ ವಿಷಯಗಳನ್ನು ರುಂಡಾ ಬಡಾವಣೆಯ ಹಿರಿಯ ಡಾಕ್ಟರ್ ಒಬ್ಬರ ಹೆಂಡತಿ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಅವರನ್ನು ಎಲ್ಲರೂ ಆಂಟಿ ಎನ್ನುತ್ತಿದ್ದೆವು. ಆ ವಾರದ ಚೀಟಿಯಲ್ಲಿ ನಾಲ್ಕನೆಯದು: ಗರ್ಭದ ತೊಂದರೆಯಿರುವ ಒಬ್ಬ ಯುವತಿ, ಆಕೆಯ ಮದುವೆ ನಿಲ್ಲದಂತೆ. ಹೆಸರಿರಲಿಲ್ಲ. ನಮ್ಮ ಕೂಟದಲ್ಲಿ ಮದುವೆ ಗೊತ್ತಾಗಿದ್ದ ಯುವತಿ ನಾನೊಬ್ಬಳೇ.

ಆ ಸಾಲನ್ನು ಬಿಟ್ಟು, ಐದನೆಯದನ್ನು ನಾಲ್ಕು ಮಾಡಿ ಕಳಿಸಿದೆ. ಅಷ್ಟರಲ್ಲಿ ತಡವಾಗಿತ್ತು. ಆಂಟಿ ಮಂಗಳೂರಿನ ತಮ್ಮ ಅಕ್ಕನಿಗೆ ಪ್ರಾರ್ಥನೆಗೆಂದು ಹೇಳಿದ್ದರು, ಆ ಅಕ್ಕ ತಮ್ಮ ಸಭೆಯಲ್ಲಿ ಹೇಳಿದ್ದರು. ನಾನು ಅಮ್ಮನಿಗೆ ಹೇಳಿದ ಒಂಬತ್ತನೆಯ ದಿನ ಹುಡುಗನ ತಾಯಿ ಅವಳಿಗೆ ಫೋನ್ ಮಾಡಿ ಮದುವೆ ಬೇಡ ಎಂದರು. ಹುಡುಗ ನನಗೆ ಮಾಡಲೇ ಇಲ್ಲ. ನಾನೇ ಹೇಳಿದ್ದರೂ ಅವನು ಬೇಡ ಎನ್ನುತ್ತಿದ್ದನೋ ಏನೋ. ಅದು ನನಗೆ ಇನ್ನು ಗೊತ್ತಾಗುವುದಿಲ್ಲ. ಅದೇ ನನ್ನ ನೋವು, ಮದುವೆ ಹೋದದ್ದಲ್ಲ.

"ಯಾರಿಗೂ ಹೇಳಬೇಡ ಅಂದಿದ್ದೆ," ಎಂದೆ ಅಮ್ಮನಿಗೆ.

"ಪ್ರಾರ್ಥನೆಗೆ ಹೇಳಿದ್ದು ಕಣೇ. ಅದು ಇನ್ನೊಬ್ರಿಗೆ ಹೇಳಿದ ಹಾಗಲ್ಲ."

ಅವಳು ಇದನ್ನು ನೆಪವಾಗಿ ಹೇಳಲಿಲ್ಲ. ನಮ್ಮ ಮನೆಯಲ್ಲಿ ಯಾವತ್ತೂ ಹಾಗೇ ಇತ್ತು. ಅಪ್ಪನ ಸಕ್ಕರೆ ಕಾಯಿಲೆ, ನನ್ನ ಪರೀಕ್ಷೆಗಳು, ವೀಸಾ, ಎಲ್ಲವೂ ಪ್ರಾರ್ಥನೆಗೆ ಹೋಗಿ ಬಂದ ವಿಷಯಗಳೇ. ದೇವರ ಕಿವಿಗೆ ಬೀಳಬೇಕಾದದ್ದು ಹತ್ತು ಜನರ ಕಿವಿಯ ಮೂಲಕವೇ ಹೋಗಬೇಕೇ ಎಂದು ನಾನೂ ಅಲ್ಲಿಯವರೆಗೆ ಕೇಳಿರಲಿಲ್ಲ. ಆಮೇಲೆ ನಾನು ಪ್ರಾರ್ಥನೆ ಮಾಡುವುದನ್ನೇ ಬಿಟ್ಟೆ. ಕಣ್ಣು ಮುಚ್ಚಿದರೆ ಆ ಚೀಟಿಯ ಅಕ್ಷರ ಕಾಣುತ್ತಿತ್ತು. ಆದರೂ ಭಾನುವಾರಗಳಿಗೆ ಹೋದೆ, ಪಟ್ಟಿ ಟೈಪ್ ಮಾಡಿದೆ. ಅಮ್ಮನ ಜೊತೆ ಬೇಕಾದಷ್ಟು ಮಾತ್ರ ಮಾತಾಡಿದೆ: ಗ್ಯಾಸ್ ಮುಗಿದಿದೆ, ಬರುವುದು ತಡ ಆಗುತ್ತೆ. ಹೀಗೆ ಐದು ತಿಂಗಳು.

ಇದರ ನಡುವೆ ಅಮ್ಮನ ಶಾಲೆಯ ಕೆಲಸ ಮುಗಿಯಿತು. ಆಗಸ್ಟ್‌ನಲ್ಲಿ ಅವಳು ನೈರೋಬಿ ಬಿಟ್ಟು ಮೈಸೂರಿನ ಚಿಕ್ಕಮ್ಮನ ಮನೆಗೆ ಹೋಗುವುದೆಂದಾಯಿತು. ನನಗೆ ಇಲ್ಲೇ ರಿವರ್‌ಸೈಡ್‌ನಲ್ಲಿ ಕೆಲಸವಿತ್ತು, ನಾನು ಉಳಿಯುವವಳು. ಜುಲೈನ ಆ ಭೋಜನ ಅವಳಿಗೆ ಇಲ್ಲಿ ಕೊನೆಯದು. ಇನ್ನು ಮೂರು ವಾರ ಇತ್ತು.

ಕೂಟ ನಡೆದದ್ದು ರುಂಡಾದಲ್ಲಿ, ಆಂಟಿಯ ಮನೆಯ ದೊಡ್ಡ ಹಾಲಿನಲ್ಲಿ. ಇಲ್ಲಿ ಜುಲೈ ಚಳಿಗಾಲ, ಮೋಡ ಕವಿದು ಮೂರು ಗಂಟೆಗೇ ದೀಪ ಹಾಕಿದ್ದರು. ಭೋಜನಕ್ಕೆ ಮೊದಲು ಸಭಾಪಾಲಕರು ಯಾವಾಗಲೂ ಒಂದು ನಿಮಿಷ ಮೌನ ಬಿಡುತ್ತಿದ್ದರು. ಯಾರಿಗಾದರೂ ನಿಮ್ಮ ಮೇಲೆ, ಅಥವಾ ನಿಮಗೆ ಯಾರ ಮೇಲಾದರೂ ಮನಸ್ತಾಪವಿದ್ದರೆ ಮೊದಲು ಅವರೊಡನೆ ಸರಿಮಾಡಿಕೊಂಡು ಬನ್ನಿ, ಇಲ್ಲವಾದರೆ ಕೂತಿರಿ ಎನ್ನುತ್ತಿದ್ದರು. ಯಾರೂ ಕೂತಿದ್ದನ್ನು ನಾನು ಕಂಡಿರಲಿಲ್ಲ. ಹತ್ತೊಂಬತ್ತು ಜನರ ಕೋಣೆಯಲ್ಲಿ ಕೂತಿರುವುದೆಂದರೆ ತಪ್ಪನ್ನು ಕೂಗಿ ಹೇಳಿದ ಹಾಗೆ. ಆ ಒಂದು ನಿಮಿಷ ಅಮ್ಮ ನನ್ನನ್ನು ನೋಡಿದಳು. ನಾನು ನನ್ನ ಷೂ ನೋಡಿಕೊಂಡೆ. ಸಾಲು ಎದ್ದಾಗ ಎದ್ದೆ. ಎಲ್ಲರೂ ನೋಡುತ್ತಾರೆ ಎಂಬ ಒಂದೇ ಕಾರಣಕ್ಕೆ ರೊಟ್ಟಿ ತೆಗೆದುಕೊಂಡೆ. ತಿರುಗಿದಾಗ ಅಮ್ಮ ಕೂತೇ ಇದ್ದಳು, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಚಹಾ ಕುಡಿಯುವಾಗ ಆಂಟಿ ತಟ್ಟೆ ನೋಡಿ ನಕ್ಕರು. "ಏನ್ ಟೀಚರಮ್ಮ, ಮೂವತ್ತು ವರ್ಷ ಮ್ಯಾಥ್ಸ್ ಕಲಿಸಿ ಕೊನೇ ದಿನ ಲೆಕ್ಕ ತಪ್ಪಿಬಿಟ್ರಾ?"

"ಲೆಕ್ಕ ಸರಿಯಾಗೇ ಇತ್ತು," ಎಂದಳು ಅಮ್ಮ.

ಆಂಟಿ ನಗು ನಿಲ್ಲಿಸಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಪಕ್ಕ ಬಂದು ಕೂತು, ನನ್ನ ನೋಟ್‌ಬುಕ್ಕನ್ನು ಬೆರಳಿನಿಂದ ತಟ್ಟಿ, ದನಿ ತಗ್ಗಿಸಿ ಹೇಳಿದರು: "ಬರ್ಕೊಳಮ್ಮ. ಊರಿಗೆ ಹೊರಟಿರೋ ಒಬ್ಬ ಸಹೋದರಿ, ಅವಳ ಆತ್ಮಿಕ ಸ್ಥಿತಿಗೋಸ್ಕರ. ಹೆಸರು ಬೇಡ."

ಬರೆದುಕೊಂಡೆ. ಅವತ್ತೂ ಪಟ್ಟಿಯಲ್ಲಿ ಅದು ನಾಲ್ಕನೆಯದೇ ಆಯಿತು.

ಅಮ್ಮ ಉಳಿದ ತುಂಡನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಂಡಳು. ಕಾರು ಹತ್ತುವಾಗ ಗೇಟಿನ ಕಾವಲುಗಾರ, "ಸವಾ, ಮಾಮಾ?" ಎಂದ, ಚೆನ್ನಾಗಿದ್ದೀರಾ ಅಮ್ಮಾ ಎಂದು ಸ್ವಾಹಿಲಿಯಲ್ಲಿ ವಿಚಾರಿಸುತ್ತಾ. ಸವಾ, ಚೆನ್ನಾಗಿದ್ದೀನಿ, ಎಂದು ನಕ್ಕಳು. ನಗು ಗೇಟು ದಾಟುವವರೆಗೆ ಇತ್ತು. ಗಿಗಿರಿಯ ರಾಯಭಾರ ಕಚೇರಿಗಳ ಉದ್ದನೆಯ ಗೋಡೆಗಳ ಪಕ್ಕ ಹೋಗುವಾಗ ನಾನೇ ಮಾತು ತೆಗೆದೆ.

"ಯಾಕೆ ಕೂತೆ? ಎಲ್ಲರೂ ಏನೇನೋ ಅಂದ್ಕೋತಾರೆ."

"ನಿಂಗೆ ನನ್ನ ಮೇಲೆ ಸಿಟ್ಟಿದೆ. ಗೊತ್ತಿದ್ದೂ ಹೇಗೆ ತಗೊಳ್ಲಿ?"

"ನಾನು ತಗೊಂಡೆನಲ್ಲ."

"ನೋಡ್ದೆ."

ಕಾರು ಓಡಿಸುತ್ತಿದ್ದ ಅಮ್ಮ ವೈಪರ್ ಹಾಕಿದಳು, ಮಳೆ ಇರಲಿಲ್ಲ. ಒಣ ಗಾಜಿನ ಮೇಲೆ ಅದು ಎರಡು ಸಲ ಕಿರುಗುಟ್ಟಿತು. ಆರಿಸಿದಳು.

"ನಿನ್ನೆ ಕತ್ತರಿಸುವಾಗ ನಂದೂ ಸೇರಿಸಿದ್ದೆ," ಎಂದಳು. "ಬೆಳಿಗ್ಗೆ ಏನಾದ್ರೂ ಹೇಳ್ತೀಯ ಅಂದ್ಕೊಂಡೆ. ಆಮೇಲೆ ಕಾರಲ್ಲಿ ಹೇಳ್ತೀಯ ಅಂದ್ಕೊಂಡೆ. ಆ ಒಂದು ನಿಮಿಷ ಇತ್ತಲ್ಲ, ಆಗ ತಲೆ ಎತ್ತಿ ಒಂದ್ಸಲ ನೋಡಿದ್ರೂ ಸಾಕಾಗಿತ್ತು."

"ಕ್ಷಮಿಸಿದ್ದೀನಿ ಅಂತ ಹೇಳ್ಲಾ?"

"ಕ್ಷಮಿಸಿದ್ದೀಯಾ?"

ನಾನು ಕಿಟಕಿಯ ಕಡೆ ತಿರುಗಿದೆ.

"ಹಾಗಾದ್ರೆ ಹೇಳ್ಬೇಡ," ಎಂದಳು ಮೆಲ್ಲಗೆ. "ಇವತ್ತಿಗೆ ಒಂದು ಸುಳ್ಳು ಸಾಕು."

ಮನೆಗೆ ಬಂದು ಅವಳು ತನ್ನ ಸೂಟ್‌ಕೇಸಿನ ಮುಂದೆ ಕೂತಳು, ನಾನು ನನ್ನ ಕೋಣೆಗೆ ಹೋದೆ. ಮಂಡಿಯೂರಿ ನೋಡಿದೆ. ಯಾವ ಮಾತೂ ಬರಲಿಲ್ಲ. ಕ್ಷಮೆ ಎನ್ನುವುದು ನಿರ್ಧಾರ, ಭಾವನೆಯಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ನಿರ್ಧಾರ ಎಷ್ಟೋ ಸಲ ಮಾಡಿದ್ದೆ. ಮಾರನೆಯ ದಿನ ಅವಳ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಆ ನಿರ್ಧಾರ ಇರುತ್ತಿರಲಿಲ್ಲ. ಅವಳು ಮಾಡಿದ್ದು ಪ್ರೀತಿಯಿಂದ ಎಂಬುದೇ ಕಷ್ಟ. ಕೆಟ್ಟತನದಿಂದ ಮಾಡಿದ್ದರೆ ಕ್ಷಮಿಸಲು ಒಂದು ಹಿಡಿಯಾದರೂ ಸಿಗುತ್ತಿತ್ತು. ಆದರೆ ಅವತ್ತು ನನಗೆ ಒಂದು ವಿಷಯ ಸ್ಪಷ್ಟವಾಯಿತು. ಹತ್ತೊಂಬತ್ತು ಜನರ ಮುಂದೆ ನನ್ನ ಬದಲು ಅವಳು ಕೂತಿದ್ದಳು. ಏಳಬಾರದಾಗಿದ್ದವಳು ನಾನು.

ಮಾರನೆಯ ಬೆಳಿಗ್ಗೆ ಆರೂವರೆಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಹೊರಗೆ ಮೋಡ, ಬೆಳಕು ಸರಿಯಾಗಿ ಬಂದಿರಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಮೊದಲ ಮೂರು ವಿಷಯಗಳನ್ನು ಟೈಪ್ ಮಾಡಿದೆ: ಒಬ್ಬರ ಮೊಣಕಾಲು, ಒಬ್ಬರ ಕೆಲಸದ ಪರವಾನಗಿ, ಸಭಾಪಾಲಕರ ಪ್ರಯಾಣ. ನಾಲ್ಕನೆಯದನ್ನು ಬಿಟ್ಟು, ಐದನ್ನು ನಾಲ್ಕು ಮಾಡಿ ಕಳಿಸಬಹುದಿತ್ತು. ಹಾಗೆ ಮಾಡಿ ಅಭ್ಯಾಸವಿತ್ತು. ಆದರೆ ಆಂಟಿಯ ಬಾಯಿಂದ ಅದು ಆಗಲೇ ಹೊರಟಿರುತ್ತದೆ.

ಆಂಟಿ ಬರೆಸಿದ್ದರ ಜಾಗದಲ್ಲಿ ಬೇರೆ ಬರೆದೆ: ತಾಯಿಯನ್ನು ಕ್ಷಮಿಸಲಾರದೆ, ಕ್ಷಮಿಸಿದವಳಂತೆ ನಿನ್ನೆ ರೊಟ್ಟಿ ತೆಗೆದುಕೊಂಡ ಒಬ್ಬ ಯುವತಿಗಾಗಿ. ತಾಯಿ ಕೂತದ್ದು ಮಗಳ ಕಾರಣದಿಂದ.

ಓದಿ ನೋಡಿದೆ. 'ಒಬ್ಬ ಯುವತಿ' ಎಂಬುದನ್ನು ಅಳಿಸಿ ನನ್ನ ಹೆಸರು ಹಾಕಿದೆ. ಏಳಕ್ಕೆ ಎಂಟು ನಿಮಿಷ ಇರುವಾಗ ಕಳಿಸಿದೆ.

ಅಡುಗೆಮನೆಯಲ್ಲಿ ಅಮ್ಮನ ಫೋನ್ ಒಮ್ಮೆ ಸದ್ದು ಮಾಡಿತು. ನಲ್ಲಿ ನಿಂತಿತು. ನಾನು ಕಾದು ಕೂರಲಿಲ್ಲ. ಕೋಟು ಹಾಕಿಕೊಂಡು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಮಟಾಟು ವ್ಯಾನುಗಳು ನಿಲ್ಲುವ ಕಡೆಗೆ ನಡೆದೆ.