ನನ್ನ ಮುಖದವನು ಸಾರಿನ ರುಚಿ ನೋಡಿದ

ಕಳೆದ ವರ್ಷ ಈ ಸಂಗತಿ ನಡೆದಾಗ ನಾನು ಕಾಣಿಯೂರಿನ ಸುತ್ತಮುತ್ತ ಮದುವೆ, ಉಪನಯನ, ಪೂಜೆಗಳಿಗೆ ಅಡುಗೆ ಮಾಡಲು ತೊಡಗಿ ನಲವತ್ತೆರಡು ವರ್ಷವಾಗಿತ್ತು. ಓದಿದ್ದು ನಾಲ್ಕನೇ ಕ್ಲಾಸು. ಐನೂರು ಎಲೆಗೆ ಎಷ್ಟು ಬೇಳೆ ಬೇಕೆಂದು ನಿದ್ದೆಯಲ್ಲೂ ಹೇಳಬಲ್ಲೆ, ಬರೆಯುವುದು ಮಾತ್ರ ಕಷ್ಟ. ಆದರೂ ಪೆನ್ನು ಹಿಡಿದಿದ್ದೇನೆ, ಮೊಮ್ಮಗಳು ಕೊಟ್ಟ ಸಂತೋಷ ತಡೆಯಲಾರದೆ.

ಒಂದು ಬೆಳಿಗ್ಗೆ ಹೆಂಡತಿ ಶಂಕರಿ ಮೊಬೈಲ್ ಹಿಡಿದುಕೊಂಡು ಬಂದಳು. "ಇದೆಂತ, ನೀವು ಯಾವಾಗ ಇಷ್ಟು ಚಂದ ಆದದ್ದು?"

ಅದು ಯಾವುದೋ ಸಾರಿನ ಪುಡಿಯ ಜಾಹೀರಾತು. ನನ್ನ ಮುಖ, ನನ್ನ ದನಿ, ಹೆಗಲ ಮೇಲೆ ಕೈ ಒರೆಸುವ ನನ್ನದೇ ಕೆಂಪು ಬೈರಾಸು. ಆದರೆ ಅವನಿಗೆ ಹೊಟ್ಟೆ ಇರಲಿಲ್ಲ, ಹಲ್ಲೆಲ್ಲ ಇತ್ತು! ಸೌಟಿನಿಂದ ಅಂಗೈಗೆ ಸಾರು ಸುರಿದು ನೆಕ್ಕಿ, ಕಣ್ಣು ಮಿಟುಕಿಸಿ, "ನನ್ನ ಕೈರುಚಿಯ ಗುಟ್ಟು ಇದೇ" ಎಂದ. ಹಿಂದೊಂದು ಮದುವೆಯಲ್ಲಿ ಯಾರೋ ತೆಗೆದ ನನ್ನ ವಿಡಿಯೋವನ್ನು ಎಐಗೆ, ಅಂದರೆ ಮನುಷ್ಯರ ಚಿತ್ರ, ದನಿಯನ್ನು ಹೊಸದಾಗಿ ಕಟ್ಟಿಕೊಡುವ ಕಂಪ್ಯೂಟರಿಗೆ ಉಣಿಸಿ ಇವನನ್ನು ಹುಟ್ಟಿಸಿದ್ದರು.

ಶಂಕರಿ ದಿನಕ್ಕೆ ನಾಲ್ಕು ಸಲ ಅವನನ್ನು ನೋಡುತ್ತಿದ್ದಳು. ನಾನು ಕರೆದರೆ "ನಿಲ್ಲಿ, ಇದು ಮುಗೀಲಿ" ಎನ್ನುವಳು. ಪೇಟೆಯಲ್ಲಿ ಸಿಕ್ಕಿದವರು, "ವಿಡಿಯೋದಲ್ಲಿ ಎಂತ ನಗು ಮಾರಾಯ್ರೆ! ಇಲ್ಲಿ ಮಾತ್ರ ಮುಖ ಗಂಟು" ಎಂದರು. ಬೇರೆ ಯಾವ ಅಡುಗೆಯವನ ಮೇಲೂ ಪಡದ ಹೊಟ್ಟೆಕಿಚ್ಚು ಈ ಇಲ್ಲದವನ ಮೇಲೆ ಹತ್ತಿಕೊಂಡಿತು.

ಹನ್ನೊಂದು ದಿನ ಕಳೆದರೆ ಕೆದಂಬಾಡಿಯ ಒಂದು ಮನೆಯಲ್ಲಿ ದುರ್ಗಾಪೂಜೆಯ ಅಡುಗೆ. ಮೂರು ತಲೆಮಾರಿಗೆ ನಾನು ಬಡಿಸಿದ ಮನೆ. ಅಲ್ಲಿಯ ಯಜಮಾನರು ಫೋನ್ ಮಾಡಿದರು. "ನೈವೇದ್ಯಕ್ಕೆ ಮೊದಲೇ ನೆಕ್ಕುವವರು ನಮಗೆ ಬೇಡ ಭಟ್ರೆ."

ನಮ್ಮಲ್ಲಿ ದೇವರಿಗಿಡುವ ಮೊದಲು ಅಡುಗೆಯವನು ಒಂದು ತೊಟ್ಟೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಉಪ್ಪು ನೋಡುವುದು ಮೂಗಿನಿಂದ, ಕುದಿಯ ನೊರೆಯಿಂದ.

"ಅದು ನಾನಲ್ಲ" ಎಂದೆ.

"ನಿಮ್ಮ ಮುಖ ನಮಗೆ ಗೊತ್ತಿಲ್ವಾ?" ಎಂದು ಫೋನ್ ಇಟ್ಟುಬಿಟ್ಟರು.

ಮೊಮ್ಮಗಳು ಮೇಧಾ ಪುತ್ತೂರಿನಲ್ಲಿ ವಕೀಲೆ. ಕರಿ ಕೋಟು ಹಾಕಿ ಎರಡೇ ವರ್ಷ. ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಅಜ್ಜ, ಇದರಲ್ಲಿ ನೀವು ಸತ್ತರೂ ಮಾಡದ್ದು ಎಂತ ಉಂಟು?"

"ಆ ನೆಕ್ಕುದು."

"ಸಾಕು, ಅದನ್ನೇ ಹಿಡಿಯುವ."

ಎಐ ನಕಲಿಗೆಂದೇ ಪ್ರತ್ಯೇಕ ಕಾಯ್ದೆ ಇನ್ನೂ ಇಲ್ಲ. ಆದರೆ ಒಬ್ಬರ ಹೆಸರು, ಮುಖ, ದನಿಯನ್ನು ಒಪ್ಪಿಗೆಯಿಲ್ಲದೆ ವ್ಯಾಪಾರಕ್ಕೆ ಬಳಸದಂತೆ ಕೋರ್ಟುಗಳು ತಡೆದಿವೆ, ಇದಕ್ಕೆ ಪರ್ಸನಾಲಿಟಿ ರೈಟ್ಸ್ ಎನ್ನುತ್ತಾರೆ ಎಂದು ಬಿಡಿಸಿ ಹೇಳಿದಳು.

"ಅದು ಸಿನೆಮಾದವರಿಗಲ್ವಾ ಮಗಾ?"

"ನಿಮ್ಮ ಮುಖದಲ್ಲೂ ಪುಡಿ ಮಾರಿದ್ರಲ್ಲ ಅಜ್ಜ!"

ಮೊದಲು ಸಾಕ್ಷಿಗೆಂದು ವಿಡಿಯೋವನ್ನು ಶಂಕರಿಯ ಮೊಬೈಲಿನಲ್ಲಿ ಉಳಿಸಿದಳು. ಆಮೇಲೆ ಜಾಲತಾಣಕ್ಕೆ ದೂರು, ಸೈಬರ್ ಪೊಲೀಸರಿಗೆ ದೂರು, ಪುಡಿಯವರಿಗೆ ಲೀಗಲ್ ನೋಟಿಸ್. ನೋಟಿಸನ್ನು ನನಗೆ ಓದಿ ಹೇಳುವಾಗ "ನೈವೇದ್ಯಕ್ಕೆ ಮೊದಲು ಎಂದೂ ರುಚಿ ನೋಡದ ನನ್ನ ಕಕ್ಷಿದಾರರು" ಎಂದಳು. ಇವಳ ಅನ್ನಪ್ರಾಶನದ ಪಾಯಸ ಕಾಸಿದ್ದು ನಾನು. ಈಗ ನಾನು ಇವಳ ಕಕ್ಷಿದಾರ! ಕಣ್ಣು ತುಂಬಿ ಮುಂದಿನ ಸಾಲು ಕೇಳಿಸಲೇ ಇಲ್ಲ.

ನೋಟಿಸ್ ಹೋದ ಎಂಟನೆಯ ದಿನ ಜಾಹೀರಾತು ಮಾಯವಾಯಿತು. ಅದು ಕಂಪ್ಯೂಟರಿನ ಸೃಷ್ಟಿ ಎಂದು ಒಪ್ಪಿ ಪುಡಿಯವರು ಕ್ಷಮಾಪಣೆಯ ಪತ್ರ ಕಳಿಸಿದರು. ಮೇಧಾ ಅದನ್ನು ಕೆದಂಬಾಡಿಗೆ ಒಯ್ದು ತೋರಿಸಿದಳು. "ಬರ್ಲಿಕ್ಕೆ ಹೇಳಿ" ಎಂದರಂತೆ ಯಜಮಾನರು. ಆದರೂ ಪೂಜೆಯ ದಿನ ಅಡುಗೆಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಬೆಳಗಿನಿಂದ ನನ್ನ ಬಾಯಿಯನ್ನೇ ನೋಡಿದರು. ನಾನು ಸಾರಿನ ಆವಿ ಮೂಸಿ, ಅರ್ಧ ಹಿಡಿ ಉಪ್ಪು ಹಾಕಿ, ಮುಚ್ಚಿದೆ. ಊಟಕ್ಕೆ ಕೂತಾಗ ಮೊದಲ ತುತ್ತಿಗೇ ತಲೆಯೆತ್ತಿದರು. "ಹದ ಉಂಟು ಭಟ್ರೆ. ಮುಂದಿನ ವರ್ಷಕ್ಕೂ ನೀವೇ."

ಕೆಲಸ ಕಲಿಸಿದ ಪಾಠ ಇಷ್ಟೇ: ಇಷ್ಟು ವರ್ಷ ಮಾಡಿದ ಅಡುಗೆಗಿಂತ, ಒಲೆಯೆದುರು ಬಾಯಿ ಕಟ್ಟಿ ನಿಂತದ್ದೇ ನನ್ನ ಪರ ನಿಂತಿತು.

ಗೆದ್ದ ಖುಷಿಯಲ್ಲಿ ಮನೆಗೆ ಬಂದರೆ ಶಂಕರಿ ಮೊಬೈಲ್ ನೋಡಿ ನಗುತ್ತಿದ್ದಳು. ಅವನೇ!

"ಅಳಿಸು ಅದನ್ನು!"

"ಸಾಕ್ಷಿ ಅಳಿಸಬಾರದು ಅಂತ ವಕೀಲರು ಹೇಳಿದ್ದಾರೆ" ಎಂದಳು.