ಟಾಕಿಗೆ ಬಿದ್ದ ಕಣಕುಂಬಿ ನೀರು

ಗೆಳೆಯರೇ, ಇನ್ನೂ ನಂಬಲಾಗುತ್ತಿಲ್ಲ. ಖಾನಾಪುರದ ಶಾಲೆಯಲ್ಲಿ ನನಗೆ ವಿಜ್ಞಾನ ಕಲಿಸಿದ ಸರ್ ಇಂದು ಹಿಂದವಾಡಿಯ ನಮ್ಮ ಮನೆಗೆ ಬಂದಿದ್ದರು. ನಾನು ಒಳಗಿಂದ ಚಹಾ ತರುವಷ್ಟರಲ್ಲಿ ನನ್ನ ಸ್ಕೂಟರಿನ ಪೆಟ್ರೋಲ್ ಟಾಕಿಗೆ ಒಂದು ಬಾಟಲಿ ನೀರು ಸುರಿದೇಬಿಟ್ಟಿದ್ದರು!

“ಸರ್, ನೀರು ಉರಿಯೂದಿಲ್ಲಂತ ನೀವ ಕಲಿಸಿದ್ರಿ!”

“ಅದು ನಳದ ನೀರೋ ತಮ್ಮಾ. ಇದು ಕಣಕುಂಬಿಯೊಳಗ ಮಲಪ್ರಭಾ ಹುಟ್ಟೂ ಜಾಗಾದ ತೀರ್ಥ. ವಿಶ್ವಾಸ ಇಟ್ಟು ಗಾಡಿ ಹೊಡಿ.”

ಸರ್ ಮಾತು ಮೀರಲಾರದೆ ಸ್ಕೂಟರ್ ಹತ್ತಿದೆ, ಓಣಿಯ ಕೊನೆಯಲ್ಲೇ ಅದು ಕೆಟ್ಟು ನಿಂತಿತು. ಕಚೇರಿಗೆ ಹೊರಟ ಗಾಡಿಯನ್ನು ಗ್ಯಾರೇಜಿಗೆ ತಳ್ಳಿದೆ. ಸರ್ ಹಿಂದೆಯೇ ಬಂದರು.

“ಯಾರ್ರಿ ಇದಕ್ಕ ನೀರ ಹಾಕಿದವ್ರು? ಸಾಲಿ ಕಲ್ತಿಲ್ಲೇನು?” ಎಂದ ಮೆಕ್ಯಾನಿಕ್.

ಗುರುಗಳ ಮರ್ಯಾದೆ ಉಳಿಯಲೆಂದು “ನಾನ ರೀ” ಎಂದೆ.

ಸರ್ ಅವನಿಗೆ ಹೇಳಿದರು: “ವಿಜ್ಞಾನದಾಗ ಇಂವ ಮೊದಲಿಂದನೂ ಕಚ್ಚಾ.”

ಸ್ಕೂಟರ್ ಈಗ ಸರಿ. ಸರ್ ಆ ಮಾತಿಗೆ ತೆರೆದ ನನ್ನ ಬಾಯಿ ಮಾತ್ರ ಇನ್ನೂ ಮುಚ್ಚಿಲ್ಲ ರೀ!