ಎಲ್ಲರಿಗೂ ‘ಕಳಪೆ’

ಮಗಳ ಮೊಬೈಲಿಗೆ ಅವಳ ಕಾಲೇಜಿನಿಂದ ಫಾರಂ ಬಂದಿದೆ. ಅಧ್ಯಾಪಕರ ಪಾಠ ತೃಪ್ತಿ ತಂದಿದೆಯೇ, ಐದರಲ್ಲಿ ಎಷ್ಟು ನಕ್ಷತ್ರ? “ಎಲ್ಲಾ ಟೀಚರ್ಸಿಗೂ ಒನ್ ಸ್ಟಾರ್ ಹಾಕ್ತೇನೆ ಅಮ್ಮಾ. ಆ ವೈಫೈ ಹೊರಿಬಲ್” ಎಂದಳು. ನನಗೆ ಮೈ ಉರಿದುಹೋಯಿತು. ಯಾಕೆಂದು ಹೇಳುತ್ತೇನೆ, ಕೇಳಿ.

ಕಂಪ್ಯೂಟರ್ ಕಲಿತರೆ ಸಾಕು, ಕೆಲಸ ಮನೆಬಾಗಿಲಿಗೆ ಬರುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ. ಕುಂದಾಪುರದಿಂದ ಬ್ಯಾಂಕಿನ ವರ್ಗದ ಮೇಲೆ ಕಲ್ಕತ್ತೆಗೆ ಬಂದಿದ್ದ ಅಪ್ಪ ನನ್ನನ್ನು ಹೌರಾದ ಆಚೆಯ ಖಾಸಗಿ ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸಿದರು. ನಮ್ಮ ಮನೆಯಿದ್ದ ಲೇಕ್ ಗಾರ್ಡನ್ಸಿನಿಂದ ಎರಡು ಬಸ್ಸು ಹತ್ತಿ ಹೋದರೆ ಲ್ಯಾಬಿಗೆ ಬೀಗ. ತಪಾಸಣೆಯವರು ಬಂದ ದಿನ ಮಾತ್ರ ಅದು ತೆರೆಯುತ್ತಿತ್ತು. ಉಳಿದ ದಿನ ಕಿಟಕಿಯಿಂದ ಪ್ಲಾಸ್ಟಿಕ್ ಹೊದ್ದ ಕಂಪ್ಯೂಟರುಗಳ ದರ್ಶನ. “ಎಂತದು ಮಾರಾಯ್ತಿ, ಕಂಪ್ಯೂಟರಿಗೂ ಮಡಿಯಾ?” ಎಂದಿದ್ದರು ಅಪ್ಪ.

ಅಲ್ಲಿ ಪಾಠವೆಂದು ನಡೆಯುತ್ತಿದ್ದುದು ಮಿತಾಲಿ ಮೇಡಂ ಅವರದೊಂದೇ. ಗುತ್ತಿಗೆಯ ಮೇಲಿದ್ದವರು. ಲ್ಯಾಬ್ ಇಲ್ಲವಲ್ಲ, ಪ್ರೋಗ್ರಾಮಿನ ಒಂದೊಂದು ಸಾಲಿಗೆ ನಮ್ಮಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿ, ಕೈಗೆ ಚೀಟಿ ಕೊಟ್ಟು, ನಮ್ಮನ್ನೇ ಕಂಪ್ಯೂಟರ್ ಮಾಡುತ್ತಿದ್ದರು. ನಮ್ಮ ಸಾಲಿನ ಲೆಕ್ಕ ಮಾಡಿ, ಉತ್ತರವನ್ನು ಚೀಟಿಯಲ್ಲಿ ಬರೆದು ಮುಂದಿನವರಿಗೆ ದಾಟಿಸಬೇಕು. ತಪ್ಪು ಚೀಟಿ ದಾಟಿಸಿದರೆ ಮೊದಲಿನಿಂದ ಶುರು.

ವರ್ಷದ ಕೊನೆಗೆ ಫಾರಂ ಹಂಚಿದರು. ಅದರಲ್ಲಿದ್ದದ್ದು ಅಧ್ಯಾಪಕರ ಹೆಸರು, ಎದುರಿಗೆ ಗುರುತು ಹಾಕಲು ಉತ್ತಮ, ಸಾಧಾರಣ, ಕಳಪೆ, ಅಷ್ಟೇ. ಬೀಗದ ಬಗ್ಗೆ ಬರೆಯಲು ಒಂದು ಗೆರೆಯಷ್ಟು ಜಾಗವಿಲ್ಲ. “ಎಲ್ಲರಿಗೂ ಕಳಪೆ ಅಂತ ಹಾಕೋಣ, ಆಗ ಇವರಿಗೆ ಬುದ್ಧಿ ಬರ್ತದೆ” ಎಂದು ಇಡೀ ತರಗತಿಯನ್ನು ಎಬ್ಬಿಸಿದ ಜಾಣೆ ನಾನೇ. ಆಡಳಿತದವರಿಗೆ ಬುದ್ಧಿ ಬಂತು ನೋಡಿ. ಕಾಯಂ ಇದ್ದವರನ್ನು ಮುಟ್ಟಲಿಲ್ಲ, ಮಿತಾಲಿ ಮೇಡಂ ಅವರ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೀಗ ಇದ್ದಲ್ಲೇ ಇತ್ತು.

ಆಮೇಲೊಮ್ಮೆ ಎಸ್ಪ್ಲನೇಡಿನ ಬಸ್ ನಿಲ್ದಾಣದಲ್ಲಿ ಮೇಡಂ ಸಿಕ್ಕರು. “ನನ್ನ ಪಾಠ ನಿಮಗೆ ಅರ್ಥ ಆಗ್ತಿರಲಿಲ್ವಾ? ಹೇಳಿದ್ರೆ ತಿದ್ದಿಕೊಳ್ತಿದ್ದೆ” ಎಂದು ಹಿಂದಿಯಲ್ಲಿ ಕೇಳಿದರು.

“ನಾನು ಉತ್ತಮ ಅಂತಲೇ ಹಾಕಿದ್ದೆ, ಮೇಡಂ” ಎಂದೆ.

ಅವರು ನನ್ನ ಕೈಹಿಡಿದು ಥ್ಯಾಂಕ್ಸ್ ಹೇಳಿ ಬಸ್ ಹತ್ತಿದರು.

ಓದು ಮುಗಿದ ಮೇಲೆ ಒಂದು ಕಂಪನಿಯ ಸಂದರ್ಶನದಲ್ಲಿ ಕಾಗದದ ಮೇಲೆ ಪ್ರೋಗ್ರಾಂ ಬರೆದುಕೊಟ್ಟು ಉತ್ತರ ಏನು ಬರುತ್ತದೆ ಎಂದರು. ಮನಸ್ಸಿನಲ್ಲೇ ಚೀಟಿ ದಾಟಿಸಿ ಹೇಳಿದೆ. ಕೆಲಸ ಸಿಕ್ಕಿತು.

ಇವತ್ತಿನವರೆಗೆ ಯಾರಿಗೂ ಹೇಳದಿದ್ದ ಇದನ್ನು ಮಗಳಿಗೂ ಹೇಳಿದೆ. ಮಗಳು ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು: “ಆಮೇಲಾದ್ರೂ ಅವರಿಗೆ ಸಾರಿ ಹೇಳಿದ್ಯಾ?”

“ಇಲ್ಲ.”

“ಯಾಕೆ?”

ತಪ್ಪೆಲ್ಲ ಅದರದೇ ಎಂದು ಇಷ್ಟು ವರ್ಷ ಆ ಕಾಲೇಜನ್ನು ಬೈದುಕೊಂಡೇ ಇದ್ದೆ. ಅವಳು ಕೇಳುವವರೆಗೆ ಅಷ್ಟೇ ಸಾಕು ಅನ್ನಿಸಿತ್ತು.